ಮಗ್ಗದ ಗುಂಡಿ

ಬೋರನಹಟ್ಟಿಯ ಹುಲಿಗೆಮ್ಮನ ಮನೆಯಲ್ಲಿದ್ದದ್ದು ಒಂದೇ ಬಲ್ಬು. ಅದನ್ನು ಕರೆಂಟ್ ಆಫೀಸಿನವರು ಕಾರ್ಖಾನೆಯ ಬಲ್ಬೆಂದು ಬರೆದುಕೊಂಡರು. ಮನೆಯವರನ್ನು ಕೇಳಲಿಲ್ಲ, ಬರೆದ ಮೇಲೆ ಹೇಳಲೂ ಇಲ್ಲ. ಎರಡು ತಿಂಗಳು ಕಳೆದು ಬಿಲ್ಲು ಬಂತು.

ಆ ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಸಂಚಿಯೊಳಗೆ ತುರುಕಿಕೊಂಡು ಹುಲಿಗೆಮ್ಮ ಸಂತೆಕಲ್ಲಿನ ಕರೆಂಟ್ ಆಫೀಸಿನ ಕಿಟಕಿಯ ಮುಂದೆ ನಿಂತಿದ್ದಳು. ಯಗಟಿ ಕಡೆಯಿಂದ ಬರುವ ಮೊದಲನೇ ಬಸ್ಸಿಗೆ ಹತ್ತಿ ಬಂದವಳು. ಕಿಟಕಿ ತೆರೆಯುವ ಹೊತ್ತಿಗೆ ಅವಳ ಹಿಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಒಳಗೆ ಕೂತ ಗುಮಾಸ್ತೆ ಜಯಲಕ್ಷ್ಮಮ್ಮ ತಲೆ ಎತ್ತದೆ ಕೈ ಚಾಚಿ ಬಿಲ್ಲು ಇಸಿದುಕೊಂಡಳು. ಸುಣ್ಣ ಮೆತ್ತಿದ ಅದರ ಮಡಿಕೆಗಳನ್ನು ಎರಡು ಬೆರಳಲ್ಲಿ ಬಿಡಿಸಿ, “ಕಟ್ತೀಯೇನಮ್ಮ?” ಎಂದಳು.

“ಕಟ್ಟಾಕೆ ಬಂದಿಲ್ಲ ಕಣ್ರವ್ವ. ಕೇಳಾಕೆ ಬಂದೀನಿ.”

“ಕೇಳೋ ಕಿಟಕಿ ಇಲ್ಲಿಲ್ಲ. ಇದು ಕಟ್ಟೋ ಕಿಟಕಿ.”

“ಹಂಗಾದ್ರೆ ಕೇಳೋ ಕಿಟಕಿ ಎಲ್ಲೈತೆ ಹೇಳಿ, ಅಲ್ಲಿಗೇ ಹೋಯ್ತೀನಿ.”

ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಜಯಲಕ್ಷ್ಮಮ್ಮ ಈಗ ತಲೆ ಎತ್ತಿ ನೋಡಿದಳು. ಬಿಸಿಲಿಗೆ ಕರಕಲಾದ ಮುಖ, ಕೈಬೆರಳ ತುದಿಗಳಲ್ಲಿ ಉಣ್ಣೆಯ ಜಿಡ್ಡು, ಅಂಚು ಹರಿದ ಸೀರೆ. ಇಂಥವರು ದಿನಕ್ಕೆ ಇಪ್ಪತ್ತು ಜನ ಬರುತ್ತಿದ್ದರು. ಬಂದವರು ಕಟ್ಟಿ ಹೋಗುತ್ತಿದ್ದರು, ಇಲ್ಲವೇ ಅತ್ತು ಹೋಗುತ್ತಿದ್ದರು. ಇವಳು ಎರಡೂ ಮಾಡುವ ಹಾಗೆ ಕಾಣಲಿಲ್ಲ. ಜಯಲಕ್ಷ್ಮಮ್ಮ ದಪ್ಪ ಪುಸ್ತಕವೊಂದನ್ನು ಎಳೆದುಕೊಂಡು ಬೆರಳು ಆಡಿಸಿದಳು.

“ಅಂಜಿನಪ್ಪ ಬಿನ್ ಅಜ್ಜಯ್ಯ. ನಿನ್ನ ಯಜಮಾನ್ರ ಹೆಸರಾ? ಫೆಬ್ರವರಿಯಲ್ಲಿ ಕೆಟಗರಿ ಬದಲಾಯಿಸಿದಾರೆ. ಮೊದಲು ಮನೆ ದರ ಇತ್ತು. ಈಗ ಕೈಗಾರಿಕೆ. ಕಂಬಳಿ ತಯಾರಿಕಾ ಘಟಕ ಅಂತ ಬರೆದಿದೆ.”

“ಘಟಕ ಅಂದ್ರೆ?”

“ಕಾರ್ಖಾನೆ.”

ಹುಲಿಗೆಮ್ಮ ತಮ್ಮ ಮನೆಯನ್ನು ಕಣ್ಣ ಮುಂದೆ ತಂದುಕೊಂಡಳು. ಉದ್ದಕ್ಕೆ ಒಂದೇ ಅಂಕಣ. ಬಾಗಿಲಿನಿಂದ ಬೆಳಕು ಬೀಳುವ ಕಡೆ ಮಗ್ಗ, ಅದರ ಆಚೆ ಒಲೆ, ಒಲೆಯ ಆಚೆ ಮಲಗುವ ಜಾಗ, ಮೂಲೆಯಲ್ಲಿ ಎರಡು ಕುರಿಮರಿ. ಬೀರೂರಿನಲ್ಲಿ ರೈಲು ಇಳಿದಾಗ ಅವಳು ಕಾರ್ಖಾನೆ ನೋಡಿದ್ದಳು. ಅದಕ್ಕೆ ಗೇಟಿತ್ತು, ಗೇಟಿನ ಮುಂದೆ ಮೀಸೆಯವನೊಬ್ಬ ಕೂತಿದ್ದ.

“ಬರೆದೋರು ಯಾರವ್ವ?”

“ಸಾಹೇಬ್ರೇ. ಖುದ್ದಾಗಿ ನೋಡಿ ಬರೆದಿದಾರೆ. ಷರಾ ಇದೆ ನೋಡು: ಸ್ಥಳ ತನಿಖೆಯಲ್ಲಿ ಹಗಲು ಹೊತ್ತು ಬಲ್ಬ್ ಉರಿಸಿ ಮಗ್ಗ ನಡೆಸುತ್ತಿರುವುದು ಕಂಡುಬಂದಿದೆ.”

ಆಗ ಹುಲಿಗೆಮ್ಮನಿಗೆ ಎಲ್ಲವೂ ನೆನಪಾಯಿತು.

ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ಊರ ಮುಂದೆ ಬೆನಕಪ್ಪನವರ ಹಿಟ್ಟಿನ ಗಿರಣಿಗೆ ಹೊಸ ಕಂಬ ನಿಲ್ಲಿಸುವುದನ್ನು ನೋಡಲು ಸೆಕ್ಷನ್ ಆಫೀಸರ್ ಓಂಕಾರಮೂರ್ತಿ ಬಂದಿದ್ದರು. ಬೆನಕಪ್ಪನವರು ಕಡೂರಿಗೆ ಹೋಗಿದ್ದವರು ಇನ್ನೂ ಬಂದಿರಲಿಲ್ಲ. ಗಿರಣಿಗೆ ಬೀಗ. ನಡುಮಧ್ಯಾಹ್ನದ ಬಿಸಿಲಲ್ಲಿ ಸಾಹೇಬರು ಕರವಸ್ತ್ರ ತಲೆಗೆ ಹೊದ್ದು ನಿಂತಿದ್ದನ್ನು ಕಂಡು ಲೈನ್‌ಮನ್ ಮುದ್ದಪ್ಪ, “ಬರ್ರಿ ಸಾ, ಇಲ್ಲೊಂದು ಮನೆಯಾಗೆ ನೆಳ್ಳಿಗೆ ಕೂತ್ಕಳ್ಳಿ” ಎಂದು ಕರೆತಂದಿದ್ದ.

ಹುಲಿಗೆಮ್ಮನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಒಂದು ರೂಢಿ ಇತ್ತು. ದೊಡ್ಡವರು ಹೊಸ್ತಿಲಿಗೆ ಬಂದರೆ, ಹೊತ್ತು ಯಾವುದೇ ಇರಲಿ, ಮೊದಲು ದೀಪ ಹಚ್ಚಬೇಕು; ಆಮೇಲೆ ಮಗ್ಗದಿಂದ ಇಳಿದ ಹೊಸ ಕಂಬಳಿ ಹಾಸಿ ಕೂರಿಸಬೇಕು. ಕತ್ತಲ ಮನೆಗೆ ಕರೆದು ಹಳೆ ಕಂಬಳಿ ಮೇಲೆ ಕೂರಿಸಿದರೆ ಬಂದವರಿಗೆ ಅವಮಾನ ಮಾಡಿದ ಹಾಗೆ. ಅತ್ತೆ ಹಣತೆ ಹಚ್ಚುತ್ತಿದ್ದಳು. ಅವತ್ತು ಹುಲಿಗೆಮ್ಮ ಓಡಿಹೋಗಿ ಸ್ವಿಚ್ಚು ಹಾಕಿದಳು. ಹಾಡಹಗಲು ಬಲ್ಬು ಹತ್ತಿತು. ಅದರ ಕೆಳಗೆ, ಸೊಂಟದವರೆಗೆ ಮಗ್ಗದ ಗುಂಡಿಯಲ್ಲಿ ಇಳಿದು, ಅಂಜಿನಪ್ಪ ಲಾಳಿ ಎಸೆಯುತ್ತಿದ್ದ. ಅವನು ಕೈ ನಿಲ್ಲಿಸಿ ಎದ್ದು ನಿಲ್ಲಲು ನೋಡಿದರೆ ಸಾಹೇಬರೇ, “ಇರಲಿ ಇರಲಿ, ಕೆಲಸ ಮಾಡು” ಎಂದಿದ್ದರು.

ಮಜ್ಜಿಗೆ ಕುಡಿದರು. ನೀರು ಮಜ್ಜಿಗೆ, ಇಂಗು ಹಾಕಿದ್ದು. ದಿನಕ್ಕೆ ಎಷ್ಟು ಮೊಳ ನೇಯುತ್ತೀರಿ, ಎಲ್ಲಿ ಮಾರುತ್ತೀರಿ ಎಂದೆಲ್ಲ ಕೇಳಿದರು. ಮಳೆಗಾಲಕ್ಕೆ ಮುಂಚೆ ಹೆಗಲ ಮೇಲೆ ಹೊತ್ತು ತರೀಕೆರೆ ಕಡೆಗೆ ಹೋಗುತ್ತೇವೆ ಎಂದು ಅಂಜಿನಪ್ಪ ಹೇಳಿದ. ಕೂತಿದ್ದ ಕಂಬಳಿಯನ್ನು ಸಾಹೇಬರು ಅಂಗೈಯಲ್ಲಿ ಸವರಿ, “ಬಹಳ ಮೆತ್ತಗಿದೆ” ಎಂದರು. ಇನ್ನೊಂದು ಸಲ ಸವರಿ ಅದನ್ನೇ ಹೇಳಿದರು. ಅದು ಎಳೆಮರಿಯ ಮೊದಲ ಕತ್ತರಿ ಉಣ್ಣೆ. ಮಗಳು ಕರಿಬಸಮ್ಮನ ಬಾಣಂತನಕ್ಕೆಂದು ಹುಲಿಗೆಮ್ಮ ಒಂದು ಚಳಿಗಾಲ ಪೂರ್ತಿ ರಾಟೆ ತಿರುಗಿಸಿ ನೂತದ್ದು. ಹೊರಡುವಾಗ ಸಾಹೇಬರು “ಎಷ್ಟು?” ಎಂದರು. ಅಂಜಿನಪ್ಪ, “ನಿಮ್ಮತ್ರ ಏನ್ ಇಸ್ಕಳ್ಳಾದು ಬುದ್ಧಿ” ಎಂದ. “ಹಾಗಲ್ಲಪ್ಪ, ಆಮೇಲೆ ನೋಡೋಣ” ಎಂದು ಸಾಹೇಬರು ಎದ್ದರು. ಕಂಬಳಿಯನ್ನು ಮುದ್ದಪ್ಪ ಹೊತ್ತುಕೊಂಡು ಹೋದ.

ಅವರು ಹೋದಮೇಲೆ ಹುಲಿಗೆಮ್ಮ ಬಲ್ಬು ಆರಿಸಿದ್ದಳು.

“ಸಾಹೇಬ್ರು ಒಳಗವ್ರಾ?” ಎಂದು ಈಗ ಕೇಳಿದಳು.

“ಇದಾರೆ. ಕಂಟ್ರಾಕ್ಟರು ಬಂದಿದಾರೆ. ಕಾಯಬೇಕು.”

“ಕಾಯ್ತೀನಿ.”

ಕಾಯುವುದು ಅವಳಿಗೆ ಹೊಸದಲ್ಲ. ಆ ಬಲ್ಬಿಗಾಗಿ ಎರಡು ವರ್ಷ ಕಾದಿದ್ದಳು. ಕರಿಬಸಮ್ಮನ ಮೊದಲ ಹೆರಿಗೆ ಸಿಂಗಟಗೆರೆ ಹತ್ತಿರದ ಗಂಡನ ಮನೆಯಲ್ಲೇ ಆಯಿತು. ದಿನ ತುಂಬುವ ಮುಂಚೆ ನೋವು ಬಂದಿತ್ತು. ಬುಡ್ಡಿ ದೀಪದ ಸೀಮೆಎಣ್ಣೆ ಮುಗಿದು, ಪಕ್ಕದ ಮನೆಯಿಂದ ಎಣ್ಣೆ ತರುವಷ್ಟರಲ್ಲಿ ಮಗು ಹೊರಗೆ ಬಂದಿತ್ತು. ಕೊರಳಿಗೆ ಕರುಳುಬಳ್ಳಿ ಸುತ್ತಿದ್ದು ಸೂಲಗಿತ್ತಿಯ ಕಣ್ಣಿಗೆ ಬೀಳಲಿಲ್ಲ. ಎಣ್ಣೆ ಬಂದು ದೀಪ ಹಚ್ಚಿದಾಗ ಮಗು ನೀಲಿಯಾಗಿತ್ತು. ಗಂಡುಮಗು. ಮುಂದಿನ ಹೆರಿಗೆ ತವರಲ್ಲೇ, ಬೆಳಕಿನಲ್ಲೇ ಎಂದು ಹುಲಿಗೆಮ್ಮ ಅವತ್ತೇ ಹಠ ಹಿಡಿದಳು. ಅರ್ಜಿ ಬರೆಸಿದಳು, ಹೆಬ್ಬೆಟ್ಟು ಒತ್ತಿದಳು, ಕಂಬಕ್ಕೆ ಗುಂಡಿ ತೋಡುವವರಿಗೆ ರಾಗಿಮುದ್ದೆ ಬೇಯಿಸಿ ಹಾಕಿದಳು. ಎಂಬತ್ತೊಂದರ ಕಾರ್ತೀಕದಲ್ಲಿ ಬಲ್ಬು ಹತ್ತಿತು. ಈಗ ಕರಿಬಸಮ್ಮನಿಗೆ ಮತ್ತೆ ಏಳು ತಿಂಗಳು. ಹೋದ ವಾರವಷ್ಟೇ ಕರೆತಂದಿದ್ದರು. ಬಂದವಳು ಮೊದಲು ಮಾಡಿದ್ದು, ಸಂಜೆ ಸ್ವಿಚ್ಚು ಹಾಕಿ ಬಲ್ಬಿನ ಕೆಳಗೆ ಕಾಲು ಚಾಚಿ ಕೂತದ್ದು.

ಹನ್ನೊಂದೂವರೆಗೆ ಒಳಗೆ ಕರೆದರು.

ಸಾಹೇಬರ ಕೋಣೆಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟು ಉರಿಯುತ್ತಿತ್ತು. ಎದುರಿಗೆ ಕೂತ ಕಂಟ್ರಾಕ್ಟರು ಸಾಸರಿನಲ್ಲಿ ಟೀ ಸುರಿದುಕೊಂಡು ಊದುತ್ತಿದ್ದ. ಹುಲಿಗೆಮ್ಮನ ಕಣ್ಣು ಮೊದಲು ಹೋದದ್ದು ಸಾಹೇಬರ ಕುರ್ಚಿಗೆ. ಬೆನ್ನಿನಿಂದ ಸೀಟಿನವರೆಗೆ ಇಳಿಬಿಟ್ಟು ಹಾಸಿದ್ದ ಕಂಬಳಿಯನ್ನು ಅವಳು ಬಾಗಿಲಿಂದಲೇ ಗುರುತು ಹಿಡಿದಳು.

“ಏನಮ್ಮ ನಿಂದು?”

“ನಮ್ ಮನೆ ಕಾರ್ಖಾನೆ ಅಂತ ಬರ್ದೀರಂತೆ ಸ್ವಾಮಿ. ಮನೆ ಅಂತ ತಿದ್ದಿ ಕೊಡಿ.”

ಓಂಕಾರಮೂರ್ತಿ ಬಿಲ್ಲನ್ನು ನೋಡಿದರು. ಮುಖ ನೋಡಿ ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ.

“ನಾನೇ ಕಣ್ಣಾರೆ ನೋಡಿದೀನಿ. ಮಧ್ಯಾಹ್ನ ಹನ್ನೆರಡು ಗಂಟೆಗೆ ಬಲ್ಬ್ ಉರೀತಿತ್ತು, ಅದರ ಕೆಳಗೆ ನಿನ್ನ ಗಂಡ ನೇಯ್ತಾ ಇದ್ದ. ಸುಳ್ಳಾ?”

“ಸುಳ್ಳಲ್ಲ. ಆ ಬಲ್ಬ್ ಹಾಕ್ದೋಳು ನಾನು. ನೀವು ಬಂದ್ರಿ ಅಂತ ಹಾಕ್ದೆ.”

“ನಾನು ಬಂದ್ರೆ ನೀನ್ಯಾಕೆ ಹಾಕ್ಬೇಕು?”

“ದೊಡ್ಡೋರು ಬಂದಾಗ ದೀಪ ಇರ್ಬೇಕು. ನಮ್ಮಲ್ಲಿ ಹಂಗೇ.”

“ಮರ್ಯಾದೆಗೆ ಹಾಕಿದ್ದು ಅಂತ ರೆಕಾರ್ಡಲ್ಲಿ ಬರೆಯೋಕಾಗುತ್ತೇನಮ್ಮ? ಬಲ್ಬ್ ಉರೀತಿತ್ತು, ಮಗ್ಗ ನಡೀತಿತ್ತು. ಅಷ್ಟೇ ರೂಲ್ಸು.”

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು. ಬಸ್ಸಿನಲ್ಲಿ ಬರುವಾಗ ಹೇಳಬೇಕೆಂದುಕೊಂಡದ್ದೆಲ್ಲ ಬೇರೆ ಇತ್ತು. ಬಾಯಿಗೆ ಬಂದದ್ದು ಅವಳಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಿಚಾರ.

“ಸ್ವಾಮಿ, ಕಂಬಳಿನ ಬಲ್ಬಿನ ಬೆಳಕಾಗೆ ನೇಯಾಕಾಗಕಿಲ್ಲ. ಉದ್ದದ ಹಾಸೂ ಕರೀದು, ಅಡ್ಡದ ಹೊಕ್ಕೂ ಕರೀದು. ಎಳೆ ಮೇಲೆ ಎಳೆ ಬಿದ್ರೆ ಯಾವ್ದು ಯಾವ್ದು ಅಂತ ಸೂರ್ಯನ ಬೆಳಕಿಗೇ ಕಾಣ್ಬೇಕು. ಹೊತ್ತು ಮುಳುಗ್ತಿದ್ದಂಗೆ ನಮ್ ಯಜಮಾನ್ರು ಲಾಳಿ ಕೆಳಗಿಡ್ತಾರೆ. ಮೋಡ ಆದ್ರೂ ಇಡ್ತಾರೆ. ನಮ್ ಹಟ್ಟಿಯಾಗೆ ಯಾರ್ನಾರ ಕೇಳಿ.”

“ಇದೆಲ್ಲ ನಂಗೆ ಹೇಳಬೇಡ.”

“ಹೇಳಾಕಿಲ್ಲ. ತೋರುಸ್ತೀನಿ. ನೀವು ಕುಂತಿರಾದೇ ನಮ್ ಕಂಬಳಿ. ಅದ್ರ ಬಲಗಡೆ ಅಂಚಿಂದ ಒಂದು ಗೇಣು ಒಳಕ್ಕೆ ಎರಡು ಎಳೆ ಜೋಡಿ ಬಿದ್ದಾವೆ. ಹಗಲಾಗೆ ನೇಯ್ದೇ ತಪ್ಪಿದ್ದು. ಇಷ್ಟು ದೊಡ್ಡ ದೀಪ ಉರೀತೈತಲ್ಲ, ಹುಡುಕಿ ನೋಡಿ ಸ್ವಾಮಿ, ಕಂಡ್ರೆ ನೀವು ಬರ್ದಿದ್ದೇ ಸರಿ ಅಂತೀನಿ.”

ಕಂಟ್ರಾಕ್ಟರಿಗೆ ಇದು ಮೋಜೆನಿಸಿತು. ಟೀ ಸಾಸರು ಕೆಳಗಿಟ್ಟು, ಎದ್ದುಬಂದು ಕುರ್ಚಿಯ ಬದಿಗೆ ಬಗ್ಗಿ, ಕಂಬಳಿಯ ಅಂಚು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದ. ಕಣ್ಣು ಕಿರಿದು ಮಾಡಿದ. “ಎಲ್ಲಾ ಒಂದೇ ಕಪ್ಪು ಕಣ್ರೀ” ಎಂದು ನಕ್ಕು, ಬೆರಳಿನಿಂದ ತಿಕ್ಕಿ ನೋಡಿ, “ಒಳ್ಳೇ ಮಾಲು. ಎಷ್ಟಕ್ಕೆ ತಗೊಂಡ್ರಿ ಸಾರ್?” ಎಂದ.

ಓಂಕಾರಮೂರ್ತಿ ಕಂಬಳಿಯ ಅಂಚನ್ನು ಅವನ ಕೈಯಿಂದ ಬಿಡಿಸಿಕೊಂಡರು. ಕಂಟ್ರಾಕ್ಟರು ಹುಲಿಗೆಮ್ಮನ ಕಡೆ ನೋಡಿದ. ಅವಳು ನೆಲ ನೋಡುತ್ತಾ ನಿಂತಳು. ಅವಳು ಒಂದು ಮಾತು ಆಡಿದ್ದರೂ ಅಷ್ಟು ಕೆಡುತ್ತಿರಲಿಲ್ಲವೇನೋ. ಬಾಗಿಲಲ್ಲಿ ಫೈಲು ಹಿಡಿದು ನಿಂತಿದ್ದ ಜಯಲಕ್ಷ್ಮಮ್ಮ ಮೆಲ್ಲಗೆ ಹಿಂದಕ್ಕೆ ಸರಿದಳು.

ಸಾಹೇಬರ ದನಿ ಈಗ ತಣ್ಣಗಿತ್ತು. “ನೋಡಮ್ಮ. ಎರಡೇ ದಾರಿ. ಒಂದು, ಎರಡು ವರ್ಷದಿಂದ ಮನೆ ದೀಪ ಅಂತ ಹೇಳಿ ಕಾರ್ಖಾನೆ ನಡೆಸಿದೀನಿ, ತಪ್ಪಾಯ್ತು ಅಂತ ಬರೆದು ನಿನ್ನ ಗಂಡ ಹೆಬ್ಬೆಟ್ಟು ಒತ್ತಲಿ. ಆವತ್ತಿಂದ ಹಿಂಬಾಕಿ ಹಾಕ್ತೀವಿ, ಕಂತಲ್ಲಿ ಕಟ್ಟಿ. ಇಲ್ಲ, ಅದು ಮನೆ ಅಂತೀಯಲ್ಲ, ಮನೆ ಅಂತಲೇ ಮಾಡು. ಆ ಮಗ್ಗದ ಗುಂಡಿ ಇದೆಯಲ್ಲ, ಅದನ್ನ ಮುಚ್ಚು. ಬರೋ ಗುರುವಾರ ನಾನೇ ಬರ್ತೀನಿ. ನನ್ನ ಕಣ್ಣೆದುರಿಗೇ ಮುಚ್ಚಬೇಕು. ಮುಚ್ಚಿದ್ರೆ ಅಲ್ಲೇ ನಿಂತು ಮನೆ ಅಂತ ತಿದ್ದಿ ಸಹಿ ಹಾಕ್ತೀನಿ. ಮತ್ತೆ ತೋಡಿದ್ರೆ ಮೀಟರ್ ನೋಡೋಕೆ ಬರೋರು ತಿಂಗಳಿಗೊಂದು ಸಲ ನೋಡ್ತಾರೆ. ಎರಡೂ ಆಗಲ್ಲ ಅಂದ್ರೆ ಗುರುವಾರವೇ ಕನೆಕ್ಷನ್ ಕಟ್.”

“ಮಗ್ಗ ಇಲ್ದೆ ತಿನ್ನಾದೇನು ಸ್ವಾಮಿ?”

“ಅದು ನನ್ನ ಇಲಾಖೆ ಅಲ್ಲ.”

ಹೊರಗೆ ಹುಣಸೆ ಮರದ ಕೆಳಗೆ ಮುದ್ದಪ್ಪ ಸೈಕಲ್ಲಿಗೆ ತಂತಿಯ ಸುರುಳಿ ಕಟ್ಟುತ್ತಿದ್ದ. ಅವಳನ್ನು ನೋಡಿಯೂ ನೋಡದವನ ಹಾಗೆ ಗಂಟು ಬಿಗಿದ. ಹುಲಿಗೆಮ್ಮ ಹತ್ತಿರ ಹೋಗಿ ನಿಂತಾಗ ತಪ್ಪಿಸಿಕೊಳ್ಳಲು ಆಗಲಿಲ್ಲ.

“ನನ್ನ ಬೈಬ್ಯಾಡ ಕಣಕ್ಕ. ನಾನು ನೆಳ್ಳಿಗೆ ಅಂತ ಕರ್ಕೊಂಡ್ ಬಂದೆ.”

“ನಿನ್ನ ಯಾಕ್ ಬೈಲಿ. ಒಂದು ಮಾತು ಕೇಳ್ತೀನಿ ಹೇಳು. ಬೆನಕಪ್ಪೋರ ಗಿರಣಿಗೆ ಎಂಥ ಕರೆಂಟು?”

ಮುದ್ದಪ್ಪ ಅತ್ತಿತ್ತ ನೋಡಿದ. “ಮನೆ ಲೆಕ್ಕ.”

“ಹಿಟ್ಟಿನ ಗಿರಣಿ ಮನೆಯಾ?”

“ಗಿರಣಿ ಹಿಂದುಗಡೆ ಒಂದು ರೂಮು ಕಟ್ಸಿ ಮಂಚ ಹಾಕ್ಸವ್ರೆ. ಯಾರೂ ಮಲಗಕಿಲ್ಲ. ಮಂಚ ಐತೆ, ಅದಕ್ಕೆ ಮನೆ. ಕೊಬ್ಬರಿ ಗೋಡೌನೂ ಅಂಗೇಯ. ಮೇಲಿಂದ ಆರ್ಡರ್ ಬಂದೈತಕ್ಕ, ಒಂದೊಂದು ಸೆಕ್ಷನ್ನಾಗೂ ಇಷ್ಟಿಷ್ಟು ಮನೆ ಹಿಡ್ದು ಕೈಗಾರಿಕೆಗೆ ಬದಲಾಯ್ಸಿ ಅಂತ. ದೊಡ್ಡೋರ್ನ ಮುಟ್ಟಂಗಿಲ್ಲ. ಇನ್ ಯಾರ್ನ ಹಿಡೀತಾರೆ? ಹೊಲಿಗೆ ಮಿಷನ್ ಇಟ್ಟಿರೋ ಇಬ್ರು ಮುಂಡೇರು, ಕುಲುಮೆ ಈರಭದ್ರಪ್ಪ, ನೀವು.”

“ನಮ್ಮನೇಲಿ ಮಂಚ ಇಲ್ಲ ಕಣಪ್ಪ. ಅದೇ ತಪ್ಪಾಗೈತೆ” ಎಂದಳು ಹುಲಿಗೆಮ್ಮ.

ಮುದ್ದಪ್ಪ ನಗಲು ನೋಡಿ ನಗಲಾರದೆ ಸೈಕಲ್ ಹತ್ತಿದ.

ಮನೆಗೆ ಬಂದು ಹೇಳಿದಾಗ ಅಂಜಿನಪ್ಪ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚುತ್ತಿದ್ದ. ಮೊದಲಿಂದ ಕೊನೆಯವರೆಗೆ ಕೇಳಿದ. ಕುಂಚ ಮಡಕೆಯೊಳಗೆ ಅದ್ದಿ, ಎತ್ತಿ, ಇನ್ನೊಂದು ಸಲ ಎಳೆಗಳ ಮೇಲೆ ಆಡಿಸಿ, “ಹೆಬ್ಬೆಟ್ಟು ಒತ್ತಾನ ಬಿಡು” ಎಂದ.

“ಯಾವ್ದುಕ್ಕೆ? ಸುಳ್ಳು ಹೇಳಿ ಕಾರ್ಖಾನೆ ನಡೆಸ್ದೆ ಅಂತಾನಾ?”

“ಅವ್ರು ಬರ್ಕಳಾದು. ನಮ್ಗೇನ್ ಓದಾಕ್ ಬತ್ತೈತಾ?”

“ಓದೋರಿಗೆ ಬತ್ತೈತಲ್ಲ. ಆ ಬಾಕಿ ಕಟ್ಟಾಕೆ ವರ್ಷಾನುಗಟ್ಲೆ ನೇಯ್ಬೇಕು. ನೇಯ್ದಿದ್ದೆಲ್ಲ ಬಲ್ಬಿಗೇ ಹೋಯ್ತೈತೆ. ಆಗ ನೆಜವಾಗ್ಲೂ ಕಾರ್ಖಾನೇನೇ ಆಯ್ತಲ್ಲ.”

“ಹಂಗಾದ್ರೆ ಗುಂಡಿ ಮುಚ್ಚಾನ.”

ಅಂಜಿನಪ್ಪ ಇದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ಒಳಗೆ ಕಾಳು ಆರಿಸುತ್ತಿದ್ದ ಕರಿಬಸಮ್ಮ ಮೊರ ಕೆಳಗಿಟ್ಟಳು. ಆ ಗುಂಡಿ ಅಂಜಿನಪ್ಪನ ಅಜ್ಜ ತೋಡಿದ್ದು. ಅದರ ಅಂಚು ಮೂರು ತಲೆಮಾರಿನವರ ತೊಡೆ ತಾಗಿ ತಾಗಿ ಕಲ್ಲಿನ ಹಾಗೆ ನುಣುಪಾಗಿತ್ತು. ಬೇರೆ ಕಡೆ ತೋಡೋಣವೆಂದರೆ ಸೂರಿನ ನೀರು ಬೀಳುವ ಗೆರೆಯಿಂದಾಚೆ ಒಂದು ಮೊಳ ಜಾಗವೂ ಅವರದಲ್ಲ, ಬೀದಿ ಪಂಚಾಯ್ತಿಯದು. ಹೊಲದಲ್ಲಿ ಗುಂಡಿ ತೋಡಲು ಹೊಲ ಇರಲಿಲ್ಲ.

“ಅಪ್ಪ, ನೀನು ಆಮ್ಯಾಕೆ ಏನ್ ಮಾಡ್ತೀಯ?” ಎಂದಳು ಕರಿಬಸಮ್ಮ.

“ಬೆನಕಪ್ಪೋರ ಕುರಿ ಕಾಯ್ತೀನಿ. ಅಜ್ಜಂಪುರದ ಕಡೆ ಕೊಟ್ಟಿಗೆ ಕೆಲ್ಸಕ್ಕೆ ಕರೀತಾರಂತೆ, ಹೋಯ್ತೀನಿ. ಮೊದ್ಲು ನಿಂದು ಒಂದು ಸಸೂತ್ರ ಆಗ್ಲಿ. ಆ ಕತ್ಲು ಒಂದ್ ಸಲ ನೋಡಿದ್ದು ಸಾಕು.”

ಹುಲಿಗೆಮ್ಮ ಗಂಡನ ಬೆನ್ನು ನೋಡಿದಳು. ಐವತ್ತೈದು ವರ್ಷದ ಬೆನ್ನು. ಗುಂಡಿಯಲ್ಲಿ ಕೂತೂ ಕೂತೂ ಅವನ ಸೊಂಟ ಮಗ್ಗಕ್ಕೆ ತಕ್ಕಂತೆ ಬಾಗಿತ್ತು. ನಡೆದರೆ ಕಾಲು ನೆಲಕ್ಕೆ ಹೊಂದುತ್ತಿರಲಿಲ್ಲ. ಕುರಿ ಹಿಂದೆ ಅವನು ಒಂದು ಹರದಾರಿ ನಡೆಯಲಾರ. ಅದು ಅವನಿಗೂ ಗೊತ್ತಿತ್ತು. ಆದರೂ ಅವಳು ಅವತ್ತು ಎದುರು ಮಾತಾಡಲಿಲ್ಲ. ಮಗಳ ಹೊಟ್ಟೆ ಕಣ್ಣೆದುರಿಗಿತ್ತು. ಮಣ್ಣು ತಾನೇ, ಎಂದು ಅವಳೂ ತನಗೆ ತಾನೇ ಹೇಳಿಕೊಂಡಳು. ಬುಧವಾರ ಕೆರೆಯಂಗಳಕ್ಕೆ ಹೋಗಿ ಹನ್ನೆರಡು ಮಂಕರಿ ಮಣ್ಣು ತಲೆಯ ಮೇಲೆ ಹೊತ್ತು ತಂದು ಬಾಗಿಲ ಪಕ್ಕ ಸುರಿದವಳು ಅವಳೇ.

ಗುರುವಾರ ಬೆಳಿಗ್ಗೆ ಅಂಜಿನಪ್ಪ ಮಗ್ಗ ಬಿಚ್ಚಿದ. ಅರ್ಧ ನೇಯ್ದ ಹಾಸನ್ನು ಕೊಯ್ಯಲು ಮನಸ್ಸು ಬಾರದೆ ಸುರುಳಿ ಸುತ್ತಿ ಗೋಡೆಗೆ ಆನಿಸಿದ. ಕೋಲುಗಳನ್ನು ಒಂದೊಂದಾಗಿ ಒರೆಸಿ ಅಟ್ಟದ ಮೇಲಿಟ್ಟ. ಮಗ್ಗ ಹೋದ ಮೇಲೆ ಗುಂಡಿ ಬರೀ ಗುಂಡಿಯಾಗಿ ಕಂಡಿತು. ಇಷ್ಟು ಚಿಕ್ಕದಿತ್ತೇ ಎಂದು ಹುಲಿಗೆಮ್ಮನಿಗೆ ಆಶ್ಚರ್ಯವಾಯಿತು.

ಸಾಹೇಬರು ಹತ್ತು ಗಂಟೆಗೆ ಬಂದರು. ಜೀಪು ಬೆನಕಪ್ಪನವರ ಗಿರಣಿಯ ಮುಂದೆ ನಿಂತಿತು. ಅಲ್ಲಿಂದ ನಡೆದು ಬಂದರು. ಹಿಂದೆ ಏಣಿ ಹೊತ್ತ ಮುದ್ದಪ್ಪ. ಹಟ್ಟಿಯ ಜನ ಬೀದಿಯಲ್ಲಿ ಸೇರಿದರು. ಪಕ್ಕದ ಮನೆಯ ಮುದುಕಿ ತೀರ್ಥಮ್ಮ ಕೋಲೂರಿಕೊಂಡು ಹೊಸ್ತಿಲ ತನಕ ಬಂದು ಕೂತಳು. ಈ ಸಲ ಹುಲಿಗೆಮ್ಮ ಸ್ವಿಚ್ಚು ಹಾಕಲಿಲ್ಲ, ಏನನ್ನೂ ಹಾಸಲಿಲ್ಲ. ಸಾಹೇಬರು ಒಳಗೆ ಬಂದು, ಗುಂಡಿಯ ಪಕ್ಕ ನಿಂತುಕೊಂಡೇ ಕಾಗದ ಬಿಡಿಸಿ ಪೆನ್ನಿನ ಟೋಪಿ ತೆಗೆದರು.

“ಹೂಂ. ಮುಚ್ಚಿ.”

ಅಂಜಿನಪ್ಪ ಮಂಕರಿಗೆ ಮಣ್ಣು ತುಂಬಿಕೊಂಡು ಬಂದು ಗುಂಡಿಯ ಅಂಚಿನಲ್ಲಿ ನಿಂತ. ಮಂಕರಿ ಓರೆ ಮಾಡಿದ. ಮಣ್ಣು ಬೀಳಲಿಲ್ಲ. ಅವನ ಕೈ ಅಲ್ಲಿಗೇ ನಿಂತುಬಿಟ್ಟಿತ್ತು. ಮತ್ತೆ ಪ್ರಯತ್ನಪಟ್ಟ. ಎರಡು ಹೆಂಟೆ ಅವನ ಪಾದದ ಮೇಲೆಯೇ ಉದುರಿದವು.

“ಏನಪ್ಪ, ಇಡೀ ದಿನ ಬೇಕಾ?”

“ನನ್ ಕೈಲಿ ಆಯ್ತಿಲ್ಲ ಬುದ್ಧಿ.”

“ಮಣ್ಣು ಹಾಕೋಕಾಗಲ್ವಾ?”

ಹೊಸ್ತಿಲಲ್ಲಿ ಕೂತ ತೀರ್ಥಮ್ಮ ಯಾರಿಗೆಂದಿಲ್ಲದೆ ಹೇಳಿದಳು: “ಅವ್ನೆಂಗೆ ಹಾಕಾನು? ನೇಯ್ಯೋನು ತನ್ ಗುಂಡಿಗೆ ತಾನೇ ಮಣ್ಣು ಹಾಕ್ಕಂತಾನಾ? ಅವ್ನು ಸತ್ತು ಹನ್ನೊಂದಾದ ಮ್ಯಾಲೆ ಹೆಂಡ್ತಿ ಹಾಕ್ತಾಳೆ ಮೊದ್ಲನೇ ಹಿಡಿ. ಆಮ್ಯಾಕೆ ಉಳಿದೋರು. ನನ್ ಗಂಡನ ಗುಂಡಿಗೆ ನಾನೇ ಹಾಕ್ದೆ. ಬಳೆ ಒಡೆದ ಕೈಲೇ ಹಾಕ್ದೆ.”

ಸಾಹೇಬರಿಗೆ ಅದರಲ್ಲಿ ಕೆಲಸಕ್ಕೆ ಬರುವ ಮಾತು ಒಂದೇ ಕೇಳಿಸಿತು. “ಹಾಗಾದ್ರೆ ಹೆಂಡ್ತೀನೇ ಹಾಕಲಿ. ಬಾರಮ್ಮ. ಕೇಸು ತಂದೋಳು ನೀನೇ ಅಲ್ವಾ. ಹಾಕು.”

ಅಂಜಿನಪ್ಪ ಮಂಕರಿಯನ್ನು ಹೆಂಡತಿಯ ಕಡೆ ಚಾಚಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಅಳು ಇರಲಿಲ್ಲ. “ಹಾಕೇ” ಎಂದ. “ಹಾಕ್ಬುಡು. ಏನಾಗಕಿಲ್ಲ. ನಾನಿಲ್ಲೇ ಇದೀನಲ್ಲ.”

ಹುಲಿಗೆಮ್ಮ ಮಂಕರಿ ಇಸಿದುಕೊಂಡಳು. ಭಾರವಿತ್ತು. ಕೈಯಲ್ಲಿ ಬಳೆ ಸರಿದು ಸದ್ದಾಯಿತು. ಅವಳು ಗುಂಡಿಯೊಳಗೆ ನೋಡಿದಳು. ತಳದಲ್ಲಿ, ಮೆಟ್ಟುಹಲಗೆಗಳಿದ್ದ ಕಡೆ, ಎರಡು ಪಾದದ ಅಚ್ಚು ನೆಲದಲ್ಲಿ ಇಳಿದಿತ್ತು. ಬಲಗಾಲಿನದು ಸ್ವಲ್ಪ ಆಳ. ಅಂಜಿನಪ್ಪ ಬಲಗಾಲು ಒತ್ತಿ ತುಳಿಯುತ್ತಿದ್ದ. ಆ ಪಾದಗಳು ಈಗ ಅವಳ ಪಕ್ಕದಲ್ಲೇ ಮಣ್ಣು ಮೆತ್ತಿಕೊಂಡು ನಿಂತಿದ್ದವು.

ಅವಳು ತಿರುಗಿ ಮಗಳನ್ನು ನೋಡಿದಳು. ಕರಿಬಸಮ್ಮ ಒಲೆಯ ಹತ್ತಿರ ಕಂಬಕ್ಕೆ ಒರಗಿ, ಎರಡೂ ಕೈ ಹೊಟ್ಟೆಯ ಕೆಳಗಿಟ್ಟುಕೊಂಡು ನಿಂತಿದ್ದಳು. ಮಗಳು ತಲೆ ಅಲ್ಲಾಡಿಸಿದಳು.

“ಬ್ಯಾಡ ಕಣವ್ವ” ಎಂದಳು.

“ಬೇಗ ಬೇಗ” ಎಂದರು ಸಾಹೇಬರು. “ನನಗೆ ಬೀರೂರಲ್ಲಿ ಮೀಟಿಂಗ್ ಇದೆ. ಒಂದು ಮಂಕರಿ ಹಾಕಿದ್ರೆ ಸಾಕು, ಉಳಿದಿದ್ದು ಆಮೇ‌ಲೆ ಮುಚ್ಕೊಳ್ಳಿ, ನಾನು ಸಹಿ ಹಾಕ್ತೀನಿ. ಹಾಕ್ತೀಯೋ ಇಲ್ವೋ?”

“ಹಾಕಾಕಿಲ್ಲ.”

“ಏನು?”

“ಬದುಕಿರೋ ಗಂಡನ ಮುಂದೆ ನಿಂತು ನಾನು ಈ ಮಣ್ಣು ಹಾಕಾಕಿಲ್ಲ ಸ್ವಾಮಿ. ತಂತಿ ನಿಮ್ದು. ಬೇಕಾದ್ರೆ ಕತ್ತರಿಸ್ಕಳಿ.”

“ಹುಚ್ಚೇನೇ ನಿಂಗೆ?” ಎಂದ ಅಂಜಿನಪ್ಪ, ಅರ್ಧ ದನಿಯಲ್ಲಿ.

ಓಂಕಾರಮೂರ್ತಿ ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿದರು. ಕಾಗದವನ್ನು ಮಡಿಸುವಾಗ ಅದು ಸರಿಯಾಗಿ ಮಡಿಕೆಗೆ ಬರಲಿಲ್ಲ. “ಮುದ್ದಪ್ಪ, ಹತ್ತು ಕಂಬ. ಕಟ್ ಮಾಡು” ಎಂದರು.

ಮುದ್ದಪ್ಪ ಏಣಿಯನ್ನು ಹೆಗಲಿಂದ ಇಳಿಸಿ ಬೀದಿಯ ಕಂಬಕ್ಕೆ ಆನಿಸಿದ. ಕಾಲು ಮಾತ್ರ ಮೊದಲ ಮೆಟ್ಟಿಲ ಮೇಲಿಟ್ಟು ಬಾಗಿಲೊಳಗಿದ್ದ ಸಾಹೇಬರ ಮುಖ ನೋಡುತ್ತಾ ನಿಂತ.

ಹುಲಿಗೆಮ್ಮ ಮಂಕರಿ ಎತ್ತಿಕೊಂಡು ಹೊಸ್ತಿಲು ದಾಟಿ, ಬೀದಿಯಲ್ಲಿ ಮಣ್ಣು ಚೆಲ್ಲಿದಳು. ಜನ ಹಿಂದಕ್ಕೆ ಸರಿದರು. ಅಡಿಗಂಟಿದ ಹುಡಿಯನ್ನು ಎರಡು ಸಲ ತಟ್ಟಿ ಉದುರಿಸಿದಳು. ಆಮೇಲೆ ಬರಿದಾದ ಮಂಕರಿಯನ್ನು ಹೊಸ್ತಿಲ ನಡುವೆ ತೀರ್ಥಮ್ಮನ ಪಕ್ಕದಲ್ಲಿ ಬೋರಲು ಹಾಕಿ, ಒಳಕ್ಕೆ ಮುಖ ಮಾಡಿ ಅದರ ಮೇಲೆ ಕೂತಳು. ಬಾಗಿಲ ಬೆಳಕೆಲ್ಲ ಅವಳ ಬೆನ್ನಿಗೆ ತಡೆದು ನಿಂತಿತು; ಒಳಗೆ, ಸಾಹೇಬರು ನಿಂತಲ್ಲಿ, ಕತ್ತಲಾಯಿತು.

ಸಾಹೇಬರು ಎರಡು ಹೆಜ್ಜೆ ಮುಂದೆ ಬಂದರು. ಹೊರಗೆ ಹೋಗಲು ಬೇರೆ ಬಾಗಿಲಿರಲಿಲ್ಲ.

“ಏಳಮ್ಮ. ದಾರಿ ಬಿಡು.”

ಹುಲಿಗೆಮ್ಮ ಸಂಚಿ ಬಿಚ್ಚಿ ಒಂದು ವೀಳ್ಯದೆಲೆ ತೆಗೆದು ಸೀರೆಯ ಮೇಲೆ ಒರೆಸಿದಳು. ಹಿಂದು ಮುಂದು ತಿರುಗಿಸಿ ನೋಡಿ, ನಾರು ತೆಗೆದಳು.

“ಎದ್ದೇಳು ಅಂದೆ.”

ಅವಳು ಎಲೆಯ ಬೆನ್ನಿಗೆ ಸುಣ್ಣ ಸವರತೊಡಗಿದಳು. ಏಳಲಿಲ್ಲ.